ಮಿಶ್ರ ಅದಿರಿನ ತಾಮ್ರ: ಹೈಡ್ರೋಸಲ್ಫೈಡ್ ಹೆಚ್ಚಿಸಿದ ಮೇಲೆ ರಿಕವರಿ ಏಕೆ ಕುಸಿಯಿತು?

ಪ್ರಶ್ನೆ: ನಾನು ಬಳ್ಳಾರಿ ಜಿಲ್ಲೆಯವನು. ಭಾರತದಲ್ಲಿ ಚಾಲ್ಕೊಪೈರೈಟ್ ಅದಿರಿನ ಸ್ಥಾವರವೊಂದರಲ್ಲಿ ಕೆಲಸ ಕಲಿತು, ಈಗ ಜಾಂಬಿಯಾದ ತಾಮ್ರ ವಲಯದ ಒಂದು ಕಾನ್ಸಂಟ್ರೇಟರ್‌ನಲ್ಲಿ, ಅಂದರೆ ಅದಿರನ್ನು ಅರೆದು ನೊರೆಯಲ್ಲಿ ತೇಲಿಸಿ (ಫ್ಲೋಟೇಶನ್) ತಾಮ್ರದ ಖನಿಜವನ್ನು ಬೇರ್ಪಡಿಸುವ ಸ್ಥಾವರದಲ್ಲಿ, ಮೆಟಲರ್ಜಿಸ್ಟ್ ಆಗಿದ್ದೇನೆ. ಗಣಿಯ ಮೇಲ್ಪದರದಿಂದ ಈಗ ಬರುತ್ತಿರುವುದು ಸಲ್ಫೈಡ್, ಆಕ್ಸೈಡ್ ಎರಡೂ ಬಗೆಯ ತಾಮ್ರವುಳ್ಳ ಮಿಶ್ರ ಅದಿರು. ಫೀಡ್‌ನಲ್ಲಿ (ಸ್ಥಾವರಕ್ಕೆ ಹೋಗುವ ಅದಿರಿನಲ್ಲಿ) ಒಟ್ಟು ತಾಮ್ರ ಶೇ. 1.10, ಅದರಲ್ಲಿ ಆಮ್ಲದಲ್ಲಿ ಕರಗುವ, ಅಂದರೆ ಬಹುಪಾಲು ಆಕ್ಸೈಡ್ ರೂಪದ, ತಾಮ್ರ ಶೇ. 0.40. ಸೋಡಿಯಂ ಹೈಡ್ರೋಸಲ್ಫೈಡನ್ನು ಟನ್ನಿಗೆ 600 ಗ್ರಾಂನಂತೆ, ಖನಿಜದ ಕಣ ಗುಳ್ಳೆಗೆ ಅಂಟುವಂತೆ ಮಾಡುವ ಕ್ಸಾಂಥೇಟ್ ಜೊತೆಯಲ್ಲೇ, ತೇಲಿಸುವ ಮುನ್ನ ಕದಡುವ ಕಂಡೀಷನಿಂಗ್ ಟ್ಯಾಂಕಿಗೆ ಹಾಕುತ್ತಿದ್ದೆವು. ಆಗ ಟೇಲಿಂಗ್ಸ್‌ನಲ್ಲಿ (ತೇಲದೆ ಉಳಿದು ಹೊರಹೋಗುವ ಭಾಗದಲ್ಲಿ) ಒಟ್ಟು ತಾಮ್ರ ಶೇ. 0.31, ಆಮ್ಲದಲ್ಲಿ ಕರಗುವುದು ಶೇ. 0.25 ಇತ್ತು. ಪ್ರಮಾಣವನ್ನು 1,000 ಗ್ರಾಂಗೆ ಏರಿಸಿದ ಮೇಲೆ ಒಟ್ಟು ಶೇ. 0.34, ಕರಗುವುದು ಶೇ. 0.24 ಆಗಿದೆ. ತೇಲಿಸಿ ಪಡೆದ ಕಾನ್ಸಂಟ್ರೇಟ್ ಫೀಡ್‌ನ ತೂಕದ ಸುಮಾರು ಶೇ. 3ರಷ್ಟಿದೆ. 'ಆಕ್ಸೈಡ್ ತಾಮ್ರ ತೇಲುವುದೇ ಇಲ್ಲ, ಆ ಆಸೆ ಬಿಡಿ' ಎನ್ನುತ್ತಾರೆ ನಮ್ಮ ಮ್ಯಾನೇಜರ್. ರಾಸಾಯನಿಕ ಮಾರುವವರು ಹೈಡ್ರಾಕ್ಸಮೇಟ್ ಎಂಬ ಬೇರೊಂದು ರಾಸಾಯನಿಕ ಬಳಸಿ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ಟೇಲಿಂಗ್ಸ್ ಅನ್ನು ಆಮ್ಲದಲ್ಲಿ ಕರಗಿಸುವುದೇ ದಾರಿ ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ರಾಸಾಯನಿಕದ ಖರ್ಚು ಏರಿಯೂ ತಾಮ್ರ ಕಡಿಮೆಯಾಯಿತಲ್ಲ ಎಂಬುದು ನಿಮ್ಮ ಆತಂಕ. ಆ ಒಗಟು ಬಿಡಿಸಲು ಬೇಕಾದ ಅಂಕಿಗಳನ್ನು ನೀವೇ ಕೊಟ್ಟಿದ್ದೀರಿ. ಮೂವರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಆದರೆ ನಷ್ಟವಾಗುತ್ತಿರುವುದು ಯಾವ ಖನಿಜ ಎಂದು ಮೂವರೂ ಕೇಳಿದಂತೆ ಕಾಣುವುದಿಲ್ಲ.

ಮೊದಲು ನಿಮ್ಮ ಅಂಕಿಗಳನ್ನು ಎರಡು ಭಾಗ ಮಾಡಿ ನೋಡೋಣ. ಫೀಡ್‌ನಲ್ಲಿ ಆಮ್ಲಕ್ಕೆ ಕರಗದ ತಾಮ್ರ, ಅಂದರೆ ಬಹುಪಾಲು ಸಲ್ಫೈಡ್ ರೂಪದ್ದು, ಶೇ. 0.70. ಹಿಂದಿನ ಪ್ರಮಾಣದಲ್ಲಿ ಅದರ ಪೈಕಿ ಟೇಲಿಂಗ್ಸ್‌ಗೆ ಹೋಗುತ್ತಿದ್ದುದು ಶೇ. 0.06 ಮಾತ್ರ, ಈಗ ಹೋಗುತ್ತಿರುವುದು ಶೇ. 0.10. ಲೆಕ್ಕ ಹಾಕಿದರೆ ಸಲ್ಫೈಡ್ ತಾಮ್ರದ ರಿಕವರಿ, ಅಂದರೆ ಫೀಡ್‌ನಲ್ಲಿದ್ದುದರ ಪೈಕಿ ಕಾನ್ಸಂಟ್ರೇಟ್‌ಗೆ ಸೇರುವ ಪಾಲು, ಸುಮಾರು ಶೇ. 92ರಿಂದ ಶೇ. 86ಕ್ಕೆ ಇಳಿದಿದೆ, ಆಕ್ಸೈಡ್ ತಾಮ್ರದ್ದು ಸುಮಾರು ಶೇ. 39ರಿಂದ ಶೇ. 42ಕ್ಕೆ ಏರಿದೆ, ಒಟ್ಟು ರಿಕವರಿ ಶೇ. 73ರ ಆಸುಪಾಸಿನಿಂದ ಶೇ. 70ಕ್ಕೆ ಬಂದಿದೆ. ಬೇರೆ ರೀತಿ ಹೇಳುವುದಾದರೆ, ಒಂದು ಟನ್ ಅದಿರಿನಲ್ಲಿ ನೀವು ಸುಮಾರು 100 ಗ್ರಾಂ ಆಕ್ಸೈಡ್ ತಾಮ್ರ ಗಳಿಸಲು ಹೋಗಿ ಸುಮಾರು 390 ಗ್ರಾಂ ಸಲ್ಫೈಡ್ ತಾಮ್ರವನ್ನು ಬಿಟ್ಟುಕೊಟ್ಟಿದ್ದೀರಿ. ಗಳಿಕೆ ಎನಿಸುವ ಆ ಶೇ. 0.01 ಕೂಡ ವಿಶ್ಲೇಷಣೆಯ ದೋಷದ ಮಿತಿಯೊಳಗೇ ಬರುವಷ್ಟು ಚಿಕ್ಕದು. ಆದ್ದರಿಂದ ನಿಮ್ಮ ತಕ್ಷಣದ ತೊಂದರೆ ಆಕ್ಸೈಡ್ ತೇಲದಿರುವುದಲ್ಲ, ಸುಲಭವಾಗಿ ತೇಲಬೇಕಾದ ಸಲ್ಫೈಡ್ ಮುಳುಗುತ್ತಿರುವುದು.

ಇದು ಏಕಾಗುತ್ತದೆ ಎಂಬುದನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಮುಂದಿನ ನಿರ್ಧಾರಗಳೆಲ್ಲ ಇದರ ಮೇಲೆ ನಿಂತಿವೆ. ಚಾಲ್ಕೊಪೈರೈಟ್, ಬೋರ್ನೈಟ್, ಚಾಲ್ಕೊಸೈಟ್‌ಗಳಂಥ ಸಲ್ಫೈಡ್ ಖನಿಜಗಳ ಮೇಲೆ ಕ್ಸಾಂಥೇಟ್ ಕೂರುವುದು ಒಂದು ವಿದ್ಯುತ್-ರಾಸಾಯನಿಕ ಕ್ರಿಯೆಯಿಂದ. ಅದಕ್ಕೆ ಪಲ್ಪ್‌ನಲ್ಲಿ (ಅರೆದ ಅದಿರು ಮತ್ತು ನೀರಿನ ಮಿಶ್ರಣದಲ್ಲಿ) ಕರಗಿದ ಆಮ್ಲಜನಕ ಬೇಕು, ಖನಿಜದ ಮೇಲ್ಮೈಯ ವಿದ್ಯುತ್ ವಿಭವ ಒಂದು ಮಟ್ಟಕ್ಕಿಂತ ಮೇಲಿರಬೇಕು. ಮ್ಯಾಲಕೈಟ್‌ನಂಥ ಕಾರ್ಬೊನೇಟ್ ಖನಿಜದ ಮೇಲ್ಮೈ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುವಂಥದ್ದು. ಕ್ಸಾಂಥೇಟ್ ಅದರ ಮೇಲೆ ಕೂತರೂ ತಾಮ್ರದ ಕ್ಸಾಂಥೇಟ್ ರೂಪದಲ್ಲಿ ಕಳಚಿ ನೀರಿಗೆ ಹೋಗುತ್ತದೆ. ಅದಕ್ಕಾಗಿಯೇ ಹೈಡ್ರೋಸಲ್ಫೈಡ್ ಹಾಕಿ, ಮ್ಯಾಲಕೈಟ್ ಕಣದ ಹೊರಗೆ ತಾಮ್ರದ ಸಲ್ಫೈಡ್‌ನ ಒಂದು ತೆಳು ಪದರ ಬೆಳೆಯುವಂತೆ ಮಾಡುತ್ತೇವೆ. ಆಗ ಕ್ಸಾಂಥೇಟ್ ಆ ಕಣವನ್ನು ಸಲ್ಫೈಡ್ ಎಂದೇ ಗುರುತಿಸಿ ಕೂರುತ್ತದೆ.

ತೊಡಕು ಇರುವುದು ಇಲ್ಲಿಯೇ. ಪದರ ಬೆಳೆದ ಮೇಲೂ ನೀರಿನಲ್ಲಿ ಹೈಡ್ರೋಸಲ್ಫೈಡ್ ಅಯಾನು ಉಳಿದಿದ್ದರೆ ಅದು ಆಮ್ಲಜನಕವನ್ನು ಕಬಳಿಸುತ್ತದೆ, ಪಲ್ಪ್‌ನ ವಿಭವವನ್ನು ಆಳಕ್ಕೆ ಇಳಿಸುತ್ತದೆ, ಮತ್ತು ಆ ಸ್ಥಿತಿಯಲ್ಲಿ ಕ್ಸಾಂಥೇಟ್ ಯಾವ ಖನಿಜದ ಮೇಲೂ ಕೂರುವುದಿಲ್ಲ. ಸಹಜ ಸಲ್ಫೈಡೂ ತೇಲುವುದಿಲ್ಲ, ಹೊಸದಾಗಿ ಪದರ ಹೊದ್ದ ಮ್ಯಾಲಕೈಟೂ ತೇಲುವುದಿಲ್ಲ. ತಾಮ್ರ-ಮಾಲಿಬ್ಡಿನಂ ಸ್ಥಾವರಗಳಲ್ಲಿ ತಾಮ್ರದ ಸಲ್ಫೈಡನ್ನು ಉದ್ದೇಶಪೂರ್ವಕವಾಗಿ ಮುಳುಗಿಸಲು ಬಳಸುವುದೂ ಇದೇ ಹೈಡ್ರೋಸಲ್ಫೈಡನ್ನು. ನೀವು ಅದನ್ನು ಕ್ಸಾಂಥೇಟ್ ಜೊತೆಯಲ್ಲಿ, ಫ್ಲೋಟೇಶನ್‌ನ ಮೊದಲ ಹಂತದಲ್ಲೇ, ಎಲ್ಲ ಅದಿರಿಗೂ ಸೇರಿಸಿ ಹಾಕುತ್ತಿದ್ದೀರಿ. ಹಾಗಾಗಿ ಪ್ರಮಾಣ ಏರಿದಂತೆ ಸಲ್ಫೈಡ್ ಸೋರಿಕೆ ಏರುವುದು ನಿರೀಕ್ಷಿತವೇ.

ಚಿತ್ರದುರ್ಗದ ಇಂಗಳದಾಳಿನ ಅದಿರಿನಂತೆ ಮುಖ್ಯ ತಾಮ್ರ ಖನಿಜ ಚಾಲ್ಕೊಪೈರೈಟ್ ಆಗಿದ್ದಲ್ಲಿ ಸುಣ್ಣ, ಕ್ಸಾಂಥೇಟ್, ನೊರೆಕಾರಕ ಇವಿಷ್ಟರಲ್ಲೇ ಕೆಲಸ ಸಾಗುತ್ತದೆ. ಅಂಥ ಕಡೆ ಕಲಿತವರಿಗೆ 'ರಿಕವರಿ ಬಿದ್ದರೆ ರಾಸಾಯನಿಕ ಏರಿಸು' ಎಂಬ ಅಭ್ಯಾಸ ಬೇಗ ಅಂಟಿಕೊಳ್ಳುತ್ತದೆ. ಕ್ಸಾಂಥೇಟ್ ತುಸು ಹೆಚ್ಚಾದರೆ ಆಗುವ ಹಾನಿ ಹೆಚ್ಚೆಂದರೆ ಕಬ್ಬಿಣದ ಸಲ್ಫೈಡ್ ಆದ ಪೈರೈಟ್ ತೇಲಿ ಗ್ರೇಡ್ (ತಾಮ್ರದ ಶೇಕಡಾವಾರು) ಇಳಿಯುವುದು. ಹೈಡ್ರೋಸಲ್ಫೈಡ್ ಹಾಗಲ್ಲ. ಅದರ ಉಪಯೋಗಕ್ಕೂ ಹಾನಿಗೂ ನಡುವಿನ ಅಂತರ ಬಹಳ ಕಿರಿದು, ಮತ್ತು ಆ ಅಂತರ ಅದಿರು ಬದಲಾದಂತೆ ಗಂಟೆಗಂಟೆಗೂ ಜಾಗ ಬದಲಿಸುತ್ತದೆ.

ಈಗ ನಿಮ್ಮ ಮ್ಯಾನೇಜರ್ ಅವರ ಮಾತಿಗೆ ಬರೋಣ. ಆಕ್ಸೈಡ್ ತಾಮ್ರ ತೇಲುವುದೇ ಇಲ್ಲ ಎಂಬುದು ನಿಜವಲ್ಲ, ಆದರೆ ಎಲ್ಲ ಆಕ್ಸೈಡೂ ತೇಲುತ್ತದೆ ಎಂಬುದೂ ನಿಜವಲ್ಲ. ನಾವು 'ಆಕ್ಸೈಡ್' ಎಂದು ಒಂದೇ ಹೆಸರಿನಲ್ಲಿ ಕರೆಯುವುದು ಹಲವು ಬೇರೆ ಬೇರೆ ಖನಿಜಗಳನ್ನು. ಮಳೆನೀರೂ ಗಾಳಿಯೂ ಅದಿರಿನ ಮೇಲ್ಪದರದ ಪೈರೈಟನ್ನು ಒಡೆದು ಆಮ್ಲವಾಗಿಸುತ್ತವೆ. ಆ ಆಮ್ಲ ತಾಮ್ರವನ್ನು ಕರಗಿಸಿ ಒಯ್ಯುತ್ತದೆ. ಸುಣ್ಣಕಲ್ಲು, ಡಾಲೊಮೈಟ್ ಸಿಕ್ಕಲ್ಲಿ ಅದು ಮ್ಯಾಲಕೈಟ್ ಅಥವಾ ಅಜುರೈಟ್ ಆಗಿ ನಿಲ್ಲುತ್ತದೆ, ಸಿಲಿಕಾ ಹೆಚ್ಚಿರುವಲ್ಲಿ ಕ್ರೈಸೊಕೊಲ್ಲಾ ಆಗುತ್ತದೆ, ಜೇಡಿಯಲ್ಲಿ, ಕಬ್ಬಿಣದ ಆಕ್ಸೈಡುಗಳಲ್ಲಿ, ಮೈಕಾದಲ್ಲಿ ಕಣ್ಣಿಗೆ ಕಾಣದಂತೆ ಸೇರಿಕೊಳ್ಳುತ್ತದೆ. ಮಧ್ಯ ಆಫ್ರಿಕಾದ ತಾಮ್ರ ವಲಯದಲ್ಲಿ ಈ ಶಿಥಿಲೀಕರಣ ಕೆಲವೆಡೆ ನೂರಾರು ಮೀಟರ್ ಆಳಕ್ಕೂ ಇಳಿದಿದೆ. ಆದ್ದರಿಂದ 'ಮೇಲ್ಪದರ ಮುಗಿದ ಮೇಲೆ ಸರಿಹೋಗುತ್ತದೆ' ಎಂದು ಕಾಯುವುದು ನಿಮ್ಮಲ್ಲಿ ಉಚಿತವಲ್ಲ.

ಇವುಗಳಲ್ಲಿ ಮ್ಯಾಲಕೈಟ್, ಅಜುರೈಟ್‌ಗಳು ಹೈಡ್ರೋಸಲ್ಫೈಡ್‌ಗೆ ಚೆನ್ನಾಗಿ ಸ್ಪಂದಿಸುತ್ತವೆ. ಕ್ರೈಸೊಕೊಲ್ಲಾ ನೀರು ತುಂಬಿದ, ರಂಧ್ರಮಯವಾದ, ನಿರ್ದಿಷ್ಟ ರಚನೆಯಿಲ್ಲದ ಸಿಲಿಕೇಟ್. ಅದು ಹೈಡ್ರೋಸಲ್ಫೈಡನ್ನು ಒಳಗೆ ಹೀರಿಕೊಳ್ಳುತ್ತದೆ, ಆದರೆ ಅದರ ಹೊರಗೆ ಗಟ್ಟಿಯಾಗಿ ನಿಲ್ಲುವ ಪದರ ಬೆಳೆಯುವುದು ಕಷ್ಟ. ಕಬ್ಬಿಣದ ಆಕ್ಸೈಡ್ ಮತ್ತು ಮೈಕಾದೊಳಗಿನ ತಾಮ್ರವನ್ನು ತೇಲಿಸುವ ಮಾತೇ ಇಲ್ಲ, ಏಕೆಂದರೆ ಅಲ್ಲಿ ತೇಲಿಸಲು ತಾಮ್ರದ್ದೇ ಆದ ಕಣ ಇರುವುದಿಲ್ಲ. ಜಾಂಬಿಯಾದ ಚಿಂಗೋಲಾದಲ್ಲಿ ಮೈಕಾದಲ್ಲಿ ಸೇರಿದ ತಾಮ್ರವುಳ್ಳ ಅದಿರನ್ನು 'ರಿಫ್ರ್ಯಾಕ್ಟರಿ' ಎಂದು ಕರೆದು ಬೇರೆಯೇ ರಾಶಿ ಹಾಕುತ್ತಾ ಬಂದದ್ದು ಈ ಕಾರಣದಿಂದಲೇ.

ಆಮ್ಲದಲ್ಲಿ ಕರಗುವ ತಾಮ್ರದ ಪರೀಕ್ಷೆ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ. ಅದು ಕರಗುವಿಕೆಯನ್ನು ಅಳೆಯುತ್ತದೆ, ತೇಲುವಿಕೆಯನ್ನಲ್ಲ. ಮ್ಯಾಲಕೈಟೂ ಕ್ರೈಸೊಕೊಲ್ಲಾವೂ ಅದರ ಕಣ್ಣಿಗೆ ಒಂದೇ. ಇನ್ನೊಂದು ಕಡೆ ಕ್ಯೂಪ್ರೈಟ್ ಎಂಬ ಕೆಂಪು ಆಕ್ಸೈಡ್ ದುರ್ಬಲ ಗಂಧಕಾಮ್ಲದಲ್ಲಿ ಅರ್ಧದಷ್ಟೇ ಕರಗಿ, ಉಳಿದರ್ಧ ಲೋಹದ ತಾಮ್ರವಾಗಿ ತಳದಲ್ಲಿ ಉಳಿಯುತ್ತದೆ. ಅದನ್ನು ನೀವು ಸಲ್ಫೈಡ್ ಲೆಕ್ಕಕ್ಕೆ ಸೇರಿಸಿಬಿಡುತ್ತೀರಿ. ದ್ರಾವಣದಲ್ಲಿ ಫೆರಿಕ್ ಕಬ್ಬಿಣ ಇದ್ದರೆ ಚಾಲ್ಕೊಸೈಟ್‌ನ ಒಂದು ಪಾಲು ಕರಗಿ ಆಕ್ಸೈಡ್ ಲೆಕ್ಕಕ್ಕೆ ಹೋಗುತ್ತದೆ. ಆದ್ದರಿಂದ ಮೇಲೆ ನಾನು ಮಾಡಿದ ಲೆಕ್ಕ ದಿಕ್ಕು ತೋರಿಸಲು ಸಾಕು, ಹಣ ಹೂಡಲು ಸಾಲದು.

ಹಾಗಾದರೆ ಮೊದಲು ಮಾಡಬೇಕಾದದ್ದು ಟೇಲಿಂಗ್ಸ್‌ನ ಪರೀಕ್ಷೆ. ಒಂದು ವಾರದ ಶಿಫ್ಟ್ ಮಾದರಿಗಳನ್ನು ಕೂಡಿಸಿ ಜರಡಿ ಹಿಡಿದು, ಸುಮಾರು 10 ಮೈಕ್ರಾನ್‌ವರೆಗಿನ ಸೂಕ್ಷ್ಮ ಭಾಗವನ್ನು ಸೈಕ್ಲೋಸೈಸರ್ ಎಂಬ ಗಾತ್ರ ವಿಂಗಡಿಸುವ ಉಪಕರಣದಿಂದ ಬೇರ್ಪಡಿಸಿ, ಪ್ರತಿ ಗಾತ್ರದಲ್ಲೂ ಒಟ್ಟು ತಾಮ್ರವನ್ನೂ ಕರಗುವ ತಾಮ್ರವನ್ನೂ ಅಳೆಯಿರಿ. ಜೊತೆಗೆ ಕ್ರಮವಾಗಿ ಆಮ್ಲ, ಅನಂತರ ಸಯನೈಡ್, ಕೊನೆಗೆ ಪೂರ್ಣ ವಿಲಯನ ಎಂಬ ಮೂರು ಹಂತದ ವಿಶ್ಲೇಷಣೆ ಮಾಡಿಸಿ. ಸಯನೈಡ್ ಹಂತದಲ್ಲಿ ಚಾಲ್ಕೊಸೈಟ್, ಕೊವೆಲೈಟ್, ಬೋರ್ನೈಟ್ ಕರಗುತ್ತವೆ, ಚಾಲ್ಕೊಪೈರೈಟ್ ಬಹುಪಾಲು ಉಳಿಯುತ್ತದೆ. ಮ್ಯಾಲಕೈಟ್ ಎಷ್ಟು, ಕ್ರೈಸೊಕೊಲ್ಲಾ ಎಷ್ಟು ಎಂಬುದಕ್ಕೆ ಖನಿಜ ಸೂಕ್ಷ್ಮದರ್ಶನವೇ ಬೇಕು. ಸ್ವಯಂಚಾಲಿತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ನುರಿತ ಭೂವಿಜ್ಞಾನಿಯೊಬ್ಬರು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಎಣಿಸಿ ಕೊಡುವ ಅಂದಾಜೂ ಉಪಯುಕ್ತವೇ. ನಾನು ಕಂಡಂತೆ ಸ್ಥಾವರಗಳು ಈ ಒಂದು ಕೆಲಸವನ್ನು ಮುಂದೂಡುತ್ತಲೇ ಹೋಗುತ್ತವೆ, ಹೊಸ ರಾಸಾಯನಿಕದ ಪ್ರಯೋಗವನ್ನು ಮಾತ್ರ ಮರುದಿನವೇ ಆರಂಭಿಸುತ್ತವೆ. ಅನುಕ್ರಮ ತಿರುವುಮುರುವಾದರೆ ಪ್ರಯೋಗ ಗೆದ್ದರೂ ಸೋತರೂ ಕಾರಣ ತಿಳಿಯುವುದಿಲ್ಲ.

ಗಾತ್ರದ ಪ್ರಶ್ನೆ ಸಣ್ಣದಲ್ಲ. ಮ್ಯಾಲಕೈಟ್ ಮೆದು ಮತ್ತು ಬೇಗ ಪುಡಿಯಾಗುವಂಥದ್ದು. ಅದರ ಸಾಂದ್ರತೆ ಸುಮಾರು 4, ಜೊತೆಗಿರುವ ಕ್ವಾರ್ಟ್ಸ್‌ನದು 2.65. ಹೀಗಾಗಿ ಒರಟು ಕಣಗಳನ್ನು ಬೇರ್ಪಡಿಸಿ ಮಿಲ್‌ಗೆ ಮರಳಿಸುವ ಸೈಕ್ಲೋನ್‌ನಲ್ಲಿ ಆಗಲೇ ಸಾಕಷ್ಟು ನುಣ್ಣಗಾಗಿರುವ ಮ್ಯಾಲಕೈಟ್ ಕಣವೂ ಭಾರದಿಂದ ಕೆಳಗಿಳಿದು ಮತ್ತೆ ಮಿಲ್‌ಗೆ ಮರಳುತ್ತದೆ, ಮತ್ತೆ ಅರೆಯಲ್ಪಟ್ಟು ಸ್ಲೈಮ್ (ತೀರಾ ನುಣ್ಣನೆಯ ಕೆಸರು) ಆಗುತ್ತದೆ. 10 ಮೈಕ್ರಾನ್‌ಗಿಂತ ಸಣ್ಣ ಕಣ ಗುಳ್ಳೆಯನ್ನು ಮುಟ್ಟುವುದೇ ಅಪರೂಪ. ನಿಮ್ಮ ನಷ್ಟ ಆ ಗಾತ್ರದಲ್ಲೇ ಕೂಡಿಕೊಂಡಿದ್ದರೆ ಪರಿಹಾರ ಮಿಲ್‌ನ ಬಳಿ ಇದೆ, ರಾಸಾಯನಿಕದ ಟ್ಯಾಂಕಿನ ಬಳಿ ಅಲ್ಲ.

ಈ ಪರೀಕ್ಷೆ ನಡೆಯುತ್ತಿರುವಾಗಲೇ ನೀವು ಮಾಡಬಹುದಾದ, ಹೆಚ್ಚು ಖರ್ಚಿಲ್ಲದ ಬದಲಾವಣೆ ಒಂದಿದೆ, ಮತ್ತು ನನ್ನ ಮೊದಲ ಸಲಹೆ ಅದೇ: ಮೊದಲು ಸಲ್ಫೈಡನ್ನು ಬರಿಯ ಕ್ಸಾಂಥೇಟ್‌ನಿಂದ ತೇಲಿಸಿ ತೆಗೆದುಬಿಡಿ, ಹೈಡ್ರೋಸಲ್ಫೈಡನ್ನು ಅದರ ನಂತರವೇ ಹಾಕಿ. ಫ್ಲೋಟೇಶನ್‌ನ ಮೊದಲ ಹಂತವಾದ ರಫರ್‌ನ ಆರಂಭದ ಸೆಲ್‌ಗಳಲ್ಲಿ (ತೇಲಿಸುವ ತೊಟ್ಟಿಗಳಲ್ಲಿ) ಸಲ್ಫೈಡ್ ಹೊರಬಂದ ಮೇಲೆ ಉಳಿದ ಪಲ್ಪ್‌ಗೆ ಹೈಡ್ರೋಸಲ್ಫೈಡ್ ಕೊಡಿ. ಅದನ್ನೂ ಒಂದೇ ಸಲ ಸುರಿಯದೆ ಎರಡು ಮೂರು ಕಡೆ ಹಂಚಿ, ಪ್ರತಿ ಕಡೆಯಲ್ಲೂ ಸ್ವಲ್ಪ ಕ್ಸಾಂಥೇಟ್ ಸೇರಿಸಿ. ಪದರ ಬೆಳೆಯಲು ಹೆಚ್ಚು ಹೊತ್ತು ಬೇಡ, ಒಂದೆರಡು ನಿಮಿಷ ಸಾಮಾನ್ಯವಾಗಿ ಸಾಕು. ದೀರ್ಘಕಾಲ ಕದಡಿದರೆ ಆ ಮೆದು ಪದರ ಉಜ್ಜಿ ಕಳಚುತ್ತದೆ, ಗಾಳಿಗೆ ಉತ್ಕರ್ಷಣೆಗೊಳ್ಳುತ್ತದೆ. ನಿಮ್ಮ ಕಂಡೀಷನಿಂಗ್ ಟ್ಯಾಂಕ್ ದೊಡ್ಡದಿದ್ದರೆ ಅದನ್ನು ಹೈಡ್ರೋಸಲ್ಫೈಡ್‌ಗೆ ಬಳಸುವುದೇ ತಪ್ಪಾಗಬಹುದು. ಸೆಲ್‌ಗಳ ನಡುವಿನ ಪೆಟ್ಟಿಗೆಗೆ ನೇರವಾಗಿ ಹಾಕಿ ನೋಡಿ.

ಎಷ್ಟು ಹಾಕಬೇಕು ಎಂಬುದನ್ನು ಟನ್ನಿಗೆ ಇಷ್ಟು ಗ್ರಾಂ ಎಂದು ನಿಗದಿ ಮಾಡಬೇಡಿ. ಪಲ್ಪ್‌ನಲ್ಲಿ ಸಲ್ಫೈಡ್ ಅಯಾನಿಗೆ ಸ್ಪಂದಿಸುವ ಎಲೆಕ್ಟ್ರೋಡ್ ಇಟ್ಟು, ಅದರ ವಿಭವವನ್ನು ಒಂದು ನಿಗದಿತ ಮಟ್ಟದಲ್ಲಿ ಹಿಡಿಯುವಂತೆ ಪಂಪ್ ನಡೆಸುವ ಕ್ರಮ ಹಲವು ದಶಕಗಳಿಂದ ಬಳಕೆಯಲ್ಲಿದೆ. ಸಾಮಾನ್ಯವಾಗಿ ಮೈನಸ್ 450ರಿಂದ ಮೈನಸ್ 550 ಮಿಲಿವೋಲ್ಟ್ ವ್ಯಾಪ್ತಿಯಲ್ಲಿ ಕೆಲಸ ನಡೆಯುತ್ತದೆ, ಆದರೆ ನಿಮ್ಮ ಅದಿರಿನ, ನಿಮ್ಮ ಎಲೆಕ್ಟ್ರೋಡಿನ ಸರಿಯಾದ ಅಂಕಿಯನ್ನು ಪ್ರಯೋಗಾಲಯದ ಸೆಲ್‌ನಲ್ಲಿ ನೀವೇ ಕಂಡುಕೊಳ್ಳಬೇಕು. ಈ ಕ್ರಮದ ದುರ್ಬಲ ಕೊಂಡಿ ಎಲೆಕ್ಟ್ರೋಡೇ. ಅದರ ಮೇಲೆ ಸ್ಲೈಮ್ ಮತ್ತು ಎಣ್ಣೆ ಕೂತರೆ ತಪ್ಪು ಅಂಕಿ ತೋರಿಸುತ್ತದೆ, ಆಪರೇಟರ್‌ಗಳು ನಂಬಿಕೆ ಕಳೆದುಕೊಂಡು ಪಂಪನ್ನು ಕೈಯಿಂದ ನಡೆಸತೊಡಗುತ್ತಾರೆ, ಅಲ್ಲಿಗೆ ಮತ್ತೆ ಗ್ರಾಂ ಲೆಕ್ಕ ಬರುತ್ತದೆ. ಪ್ರತಿ ಶಿಫ್ಟ್‌ನಲ್ಲಿ ಅದನ್ನು ತೊಳೆದು ಪರೀಕ್ಷಿಸುವ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದಿಡಿ.

ಸುರಕ್ಷತೆಯ ವಿಷಯದಲ್ಲಿ ನೀವು ಕೇಳದಿದ್ದರೂ ನಾನು ಹೇಳಲೇಬೇಕು. ಹೈಡ್ರೋಸಲ್ಫೈಡ್ ದ್ರಾವಣದ ಪಿಎಚ್ ಇಳಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಡುತ್ತದೆ. ಪಿಎಚ್ 7ರಲ್ಲಿ ಕರಗಿದ ಸಲ್ಫೈಡ್‌ನ ಸುಮಾರು ಅರ್ಧ ಭಾಗ ಈ ಅನಿಲದ ರೂಪದಲ್ಲಿರುತ್ತದೆ, ಪಿಎಚ್ 9ರಲ್ಲಿ ಸುಮಾರು ನೂರರಲ್ಲಿ ಒಂದು ಭಾಗ. ಆದ್ದರಿಂದ ಪಲ್ಪ್ 9ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಈ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ, ಸಂಪ್‌ಗಳಲ್ಲಿ ನಿಲ್ಲುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವುದರಿಂದ ತಿಳಿದೇ ತಿಳಿಯುತ್ತದೆ ಎಂಬ ನಂಬಿಕೆ ಪ್ರಾಣಕ್ಕೆ ಅಪಾಯ, ಏಕೆಂದರೆ ದಶಲಕ್ಷಕ್ಕೆ 100 ಭಾಗದ ಆಸುಪಾಸಿನಲ್ಲಿ ಮೂಗು ವಾಸನೆ ಗ್ರಹಿಸುವುದನ್ನೇ ನಿಲ್ಲಿಸುತ್ತದೆ. ಪಕ್ಕದಲ್ಲೇ ಆಮ್ಲದ ಸ್ಥಾವರ ಇರುವ ಕಡೆಗಳಲ್ಲಿ ಆಮ್ಲೀಯ ನೀರು ಮರುಬಳಕೆಯ ನೀರಿನ ಕೊಳವೆಯ ಮೂಲಕ ಹೈಡ್ರೋಸಲ್ಫೈಡ್ ಇರುವಲ್ಲಿಗೆ ಬಂದು ಸೇರುವ ಸಾಧ್ಯತೆಯನ್ನು ನಕ್ಷೆ ಹಿಡಿದು ಪರಿಶೀಲಿಸಿ. ಪ್ರತಿ ಆಪರೇಟರ್ ಮೈಮೇಲೆ ಅನಿಲ ಸೂಚಕ ಇರಲೇಬೇಕು. ಇದರಲ್ಲಿ ರಾಜಿ ಬೇಡ.

ಇನ್ನು ಹೈಡ್ರಾಕ್ಸಮೇಟ್. ಇದು ಮಾರಾಟಗಾರರ ಕಟ್ಟುಕಥೆಯಲ್ಲ. ಇದು ತಾಮ್ರದ ಅಯಾನನ್ನು ಎರಡು ಕಡೆಯಿಂದ ಹಿಡಿಯುವ ಸಂಯುಕ್ತ. ಸಲ್ಫೈಡ್ ಪದರದ ಅಗತ್ಯವಿಲ್ಲದೆಯೇ ಮ್ಯಾಲಕೈಟ್ ಮೇಲೆ ಕೂರುತ್ತದೆ, ಕ್ಸಾಂಥೇಟ್ ಜೊತೆ ಒಂದೇ ಸರ್ಕ್ಯೂಟ್‌ನಲ್ಲಿ ಬಳಸಬಹುದು, ಸಲ್ಫೈಡನ್ನು ಮುಳುಗಿಸುವುದಿಲ್ಲ. ಆದರೆ ಅದು ಫೆರಿಕ್ ಕಬ್ಬಿಣವನ್ನೂ ಅಷ್ಟೇ ಬಲವಾಗಿ ಹಿಡಿಯುತ್ತದೆ. ಗೋಥೈಟ್, ಲಿಮೊನೈಟ್ ಹೆಚ್ಚಿರುವ ಕೆಂಪು ಮಣ್ಣಿನಂಥ ಅದಿರಿನಲ್ಲಿ ಅದರ ಬಹುಪಾಲು ಕಬ್ಬಿಣಕ್ಕೆ ಖರ್ಚಾಗಿ, ಕಾನ್ಸಂಟ್ರೇಟ್‌ನ ಗ್ರೇಡ್ ಕೆಡುತ್ತದೆ. ಬೆಲೆಯೂ ಕ್ಸಾಂಥೇಟ್‌ಗಿಂತ ಬಹಳ ಹೆಚ್ಚು. ನಿಮ್ಮ ಟೇಲಿಂಗ್ಸ್‌ನಲ್ಲಿ ಬಿಡಿ ಮ್ಯಾಲಕೈಟ್ ಕಣಗಳು ಸಾಕಷ್ಟು ಕಂಡುಬಂದು, ಜೇಡಿ ಕಡಿಮೆ ಇದ್ದರೆ ಪ್ರಯೋಗ ಯೋಗ್ಯ. ಇಲ್ಲವಾದರೆ ಬೇಡ.

ಕೊಬ್ಬಿನಾಮ್ಲಗಳ ಬಳಕೆಯೂ ಹಳೆಯದು. ಕಾಂಗೋದ ಕೊಲ್ವೇಜಿಯಲ್ಲಿ ಸಿಲಿಕಾಯುಕ್ತ ಆಕ್ಸೈಡ್ ಅದಿರನ್ನು ತಾಳೆ ಎಣ್ಣೆಯಿಂದ ಪಡೆದ ಕೊಬ್ಬಿನಾಮ್ಲಗಳಿಂದಲೇ ತೇಲಿಸುತ್ತಿದ್ದರು. ಡಾಲೊಮೈಟ್ ಇರುವ ಅದಿರಿಗೆ ಇದು ಸಲ್ಲದು, ಏಕೆಂದರೆ ಮ್ಯಾಲಕೈಟ್ ಜೊತೆ ಡಾಲೊಮೈಟೂ ತೇಲಿಬರುತ್ತದೆ. ಅಮೋನಿಯಂ ಸಲ್ಫೇಟ್ ಸೇರಿಸಿದರೆ ಸಲ್ಫೈಡ್ ಪದರ ಹೆಚ್ಚು ಗಟ್ಟಿಯಾಗಿ ಕೂರುತ್ತದೆ ಎಂಬುದಕ್ಕೆ ಪ್ರಯೋಗಾಲಯದ ಆಧಾರ ಚೆನ್ನಾಗಿದೆ, ಅಗ್ಗವೂ ಹೌದು. ಒಂದೆರಡು ಪರೀಕ್ಷೆಯಲ್ಲಿ ಸೇರಿಸಿ ನೋಡಿ. ಉಪ್ಪು ಮತ್ತು ಕಲ್ಲಿದ್ದಲಿನ ಜೊತೆ ಅದಿರನ್ನು ಕಾಯಿಸಿ ತಾಮ್ರವನ್ನು ಲೋಹವಾಗಿಸಿ ತೇಲಿಸುವ ಟಾರ್ಕೊ ವಿಧಾನವನ್ನು ಜಾಂಬಿಯಾದಲ್ಲೂ ಮಾರಿಟಾನಿಯಾದ ಅಕ್ಜೂಜ್ತ್‌ನಲ್ಲೂ ಪ್ರಯತ್ನಿಸಿದ್ದರು. ಇಂಧನದ ಖರ್ಚಿನ ದೃಷ್ಟಿಯಿಂದ ಅದು ನಿಮ್ಮ ಗ್ರೇಡ್‌ಗೆ ಆಗುವ ಮಾತಲ್ಲ.

ಆಮ್ಲದ ದಾರಿ ನಿಜವಾದ ದಾರಿಯೇ. ನಿಮ್ಮ ನೆರೆಯ ಚಿಂಗೋಲಾದ ಎನ್‌ಚಾಂಗಾದಲ್ಲಿ 1974ರಿಂದಲೇ ಟೇಲಿಂಗ್ಸ್ ಅನ್ನು ಗಂಧಕಾಮ್ಲದಲ್ಲಿ ಕರಗಿಸಿ, ದ್ರಾವಕದ ಮೂಲಕ ತಾಮ್ರವನ್ನು ಬೇರ್ಪಡಿಸಿ, ವಿದ್ಯುತ್ತಿನಿಂದ ಲೋಹವಾಗಿಸುವ ದೊಡ್ಡ ಸ್ಥಾವರ ಇದೆ. ಕ್ರೈಸೊಕೊಲ್ಲಾ ತೇಲದಿದ್ದರೂ ಆಮ್ಲದಲ್ಲಿ ಕರಗುತ್ತದೆ, 10 ಮೈಕ್ರಾನ್ ಸ್ಲೈಮ್ ಅಲ್ಲಿ ಅಡ್ಡಿಯಲ್ಲ. ನಿರ್ಣಾಯಕವಾಗುವುದು ಗ್ಯಾಂಗ್ ಖನಿಜ, ಅಂದರೆ ತಾಮ್ರದ ಜೊತೆಗಿರುವ ಬೆಲೆಯಿಲ್ಲದ ಖನಿಜ. ಒಂದು ಕಿಲೋ ಕ್ಯಾಲ್ಸೈಟ್ ಸುಮಾರು ಒಂದು ಕಿಲೋ ಗಂಧಕಾಮ್ಲ ತಿನ್ನುತ್ತದೆ, ಡಾಲೊಮೈಟ್ ಅದಕ್ಕಿಂತ ತುಸು ಹೆಚ್ಚು. ನಿಮ್ಮ ಟೇಲಿಂಗ್ಸ್‌ನಲ್ಲಿ ಶೇ. 5 ಕ್ಯಾಲ್ಸೈಟ್ ಇದ್ದರೆ ಟನ್ನಿಗೆ ಸುಮಾರು 50 ಕಿಲೋ ಆಮ್ಲ ಅದಕ್ಕೇ ಹೋಗುತ್ತದೆ, ಪ್ರತಿಯಾಗಿ ಆ ಟನ್ನಿನಲ್ಲಿ ಕರಗುವ ತಾಮ್ರ ಇರುವುದು 2.4 ಕಿಲೋ ಮಾತ್ರ. ಹತ್ತಿರದ ಸ್ಮೆಲ್ಟರ್‌ನಿಂದ ಆಮ್ಲ ಅಗ್ಗವಾಗಿ ಸಿಗುತ್ತದೆಯೇ ಎಂಬುದರ ಮೇಲೆ ಈ ಲೆಕ್ಕ ನಿಲ್ಲುತ್ತದೆ ಅಥವಾ ಬೀಳುತ್ತದೆ.

ಗಣಿಯವರೊಂದಿಗೂ ಒಮ್ಮೆ ಕುಳಿತು ಮಾತಾಡಿ. ಸೋಲ್ವೇಜಿಯ ಕನ್ಸಾನ್ಶಿ ಗಣಿಯಲ್ಲಿ ಸಲ್ಫೈಡ್, ಮಿಶ್ರ, ಆಕ್ಸೈಡ್ ಅದಿರುಗಳಿಗೆ ಪ್ರತ್ಯೇಕ ಸರ್ಕ್ಯೂಟ್‌ಗಳನ್ನೇ ಇಟ್ಟುಕೊಂಡದ್ದು ಸುಮ್ಮನೆ ಅಲ್ಲ. ನಿಮ್ಮಲ್ಲಿ ಅಷ್ಟು ಸೌಕರ್ಯ ಇಲ್ಲದಿರಬಹುದು. ಆದರೂ ಕರಗುವ ತಾಮ್ರದ ಪಾಲನ್ನು ನೋಡಿ ಅದಿರನ್ನು ಎರಡು ರಾಶಿ ಮಾಡಿ, ದಿನಕ್ಕೊಂದು ಬಗೆಯಂತೆ ಮಿಲ್‌ಗೆ ಕೊಡುವುದು ಸಾಧ್ಯ. ಎಲ್ಲವನ್ನೂ ಬೆರೆಸಿ 'ಸರಾಸರಿ' ಮಾಡಿದರೆ ಪ್ರತಿ ಗಂಟೆಯೂ ಹೈಡ್ರೋಸಲ್ಫೈಡ್ ಯಾವುದೋ ಒಂದು ಅದಿರಿಗೆ ತಪ್ಪು ಪ್ರಮಾಣವೇ ಆಗುತ್ತದೆ. ರಾಶಿ ಹಾಕಿದ ಸಲ್ಫೈಡ್ ಅದಿರನ್ನು ಮಳೆಗಾಲವಿಡೀ ಬಿಡಬೇಡಿ, ಅದರ ಮೇಲ್ಮೈ ಉತ್ಕರ್ಷಣೆಗೊಂಡು ಅದೂ ಅರ್ಧ ಆಕ್ಸೈಡಿನಂತೆ ವರ್ತಿಸತೊಡಗುತ್ತದೆ.

ಮ್ಯಾನೇಜರ್ ಅವರ ಮುಂದೆ ಏನನ್ನು ಇಡಬೇಕು ಎಂಬುದಕ್ಕೆ ನನ್ನ ಉತ್ತರ ಹೀಗಿದೆ. ಇಂದೇ ಹೈಡ್ರೋಸಲ್ಫೈಡನ್ನು 600 ಗ್ರಾಂಗೆ ಇಳಿಸಿ, ಹಾಕುವ ಜಾಗವನ್ನು ಸಲ್ಫೈಡ್ ರಫರ್‌ನ ನಂತರಕ್ಕೆ ಸಾಗಿಸಿ. ಪ್ರಯೋಗಾಲಯದಲ್ಲಿ ಇದೇ ಅನುಕ್ರಮವನ್ನು ಸ್ಥಾವರದ ನೀರಿನಲ್ಲೇ ಪರೀಕ್ಷಿಸಿ, ಕುಡಿಯುವ ನೀರಿನಲ್ಲಿ ಮಾಡಿದ ಪರೀಕ್ಷೆ ಇಲ್ಲಿ ದಾರಿ ತಪ್ಪಿಸುತ್ತದೆ. ಅರೆದ ಮಾದರಿಯನ್ನು ರಾತ್ರಿಯಿಡೀ ಇಟ್ಟು ಬೆಳಿಗ್ಗೆ ತೇಲಿಸಬೇಡಿ. ಖನಿಜ ವರದಿ ಬಂದ ಮೇಲೆ, ಕರಗುವ ತಾಮ್ರದ ನಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು 10 ಮೈಕ್ರಾನ್‌ಗಿಂತ ಒರಟಾದ ಬಿಡಿ ಮ್ಯಾಲಕೈಟ್ ಆಗಿದ್ದರೆ ವಿಭವ ನಿಯಂತ್ರಣದ ಉಪಕರಣಕ್ಕೆ ಹಣ ಕೇಳಿ, ಅನಂತರ ಹೈಡ್ರಾಕ್ಸಮೇಟ್ ಪರೀಕ್ಷೆ ಮಾಡಿ. ಅದು ಹೆಚ್ಚಾಗಿ ಕ್ರೈಸೊಕೊಲ್ಲಾ ಆಗಿದ್ದರೆ, ಅಥವಾ ಕಬ್ಬಿಣ ಮತ್ತು ಮೈಕಾಗಳಲ್ಲಿ ಸೇರಿದ ತಾಮ್ರವಾಗಿದ್ದರೆ, ಫ್ಲೋಟೇಶನ್ ಮೇಲೆ ಇನ್ನಷ್ಟು ಖರ್ಚು ಮಾಡದೆ, ಟೇಲಿಂಗ್ಸ್‌ನ 20 ಕಿಲೋ ಮಾದರಿಯನ್ನು ಆಮ್ಲ ಬಳಕೆಯ ಪರೀಕ್ಷೆಗೆ ಕಳುಹಿಸಿ.